ಕ್ರೋಧವೂ ನಾಲಗೆಯೂ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಪಂಡಿತರು ನಿಲ್ಲಬೇಕಾದ ಸ್ಥಳದಲ್ಲಿ ದಲಾಲಿ ಅಂಗಡಿಯವನೊಬ್ಬನನ್ನು ತಂದು ನಿಲ್ಲಿಸಿದ್ದೀರಿ. ನಾನು ಮೆಟ್ರಿಕ್‌ವರೆಗೆ ಓದಿದವನು. ಅದರ ಮುಂದಿನ ಓದೆಲ್ಲ ಗಂಜಿನಲ್ಲಿ, ತೂಕದ ಕಾಟಾದ ಪಕ್ಕದಲ್ಲಿ ನಡೆದದ್ದು. ಸಮಿತಿಯವರು ನನಗೆ ಕೊಟ್ಟ ವಿಷಯ ‘ಉತ್ತಮ ಕ್ಷಮೆ’. ದಶಲಕ್ಷಣ ಧರ್ಮಗಳಲ್ಲಿ ಮೊದಲನೆಯದಾದ ಅದರ ಮಹಿಮೆಯನ್ನು ಮುನಿಗಳ ಬಾಯಿಂದ ಕೇಳಿದ ಮೇಲೆ ವ್ಯಾಪಾರಿಯಾದವನು ಹೇಳುವುದೇನೂ ಉಳಿಯುವುದಿಲ್ಲ. ಆದಕಾರಣ ಆ ಎತ್ತರದಿಂದ ನಾಲ್ಕು ಮೆಟ್ಟಿಲು ಕೆಳಗಿಳಿದು, ನಮ್ಮ ಅಂಗಡಿಗಳಲ್ಲಿ, ಮನೆಯ ಅಂಗಳಗಳಲ್ಲಿ ನಿತ್ಯ ನಡೆಯುವ ಒಂದು ಸಂಗತಿಯನ್ನು ತಮ್ಮ ಮುಂದೆ ಇಡಲು ಬಯಸುತ್ತೇನೆ. ಅದು ಬೈಗುಳ. ಇದು ಬಸದಿಯ ವೇದಿಕೆಗೆ ತಕ್ಕ ವಿಷಯವಲ್ಲವೆಂದು ಕೆಲವರಿಗೆ ತೋರಬಹುದು. ರೋಗದ ಹೆಸರು ಹೇಳಲು ನಾಚಿಕೊಂಡವನಿಗೆ ವೈದ್ಯನು ಏನು ಔಷಧ ಕೊಟ್ಟಾನು? ಬೈಗುಳಗಳನ್ನು ನಾನಿಲ್ಲಿ ಉಚ್ಚರಿಸುವುದಿಲ್ಲ. ಅವು ಯಾವುವೆಂದು ಈ ಸಭೆಯಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಂದಿನಿಂದ ನಮ್ಮ ಸೀಮೆ ಭತ್ತದ ಸೀಮೆಯಾಯಿತು. ಸುಗ್ಗಿಯ ದಿನಗಳಲ್ಲಿ ಗಂಜಿಗೆ ಬಂದು ನೋಡಿದವರಿಗೆ ಗೊತ್ತು. ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳು, ಎಪ್ಪತ್ತೈದು ಕಿಲೋದ ಚೀಲ ಹೊತ್ತ ಹಮಾಲರು, ಎರಡು ರಾತ್ರಿ ನಿದ್ದೆಯಿಲ್ಲದ ಲಾರಿಯವರು, ಆಕಾಶದಲ್ಲಿ ತುಣುಕು ಮೋಡ ಕಂಡರೂ ಎದೆ ಹಿಡಿದುಕೊಳ್ಳುವ ರೈತರು. ಕಾಳಿನ ತೇವಕ್ಕೆ ಒಂದು ತಕರಾರು, ತೂಕಕ್ಕೆ ಒಂದು, ಹರಿದ ಚೀಲಕ್ಕೆ ಇನ್ನೊಂದು. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಚೆಲ್ಲಿದ ಭತ್ತಕ್ಕಿಂತ ಚೆಲ್ಲಿದ ಹೊಲಸು ಮಾತೇ ಹೆಚ್ಚಾಗಿರುತ್ತದೆ. ಚೆಲ್ಲಿದ ಭತ್ತವನ್ನಾದರೂ ಗುಡಿಸಿಕೊಂಡು ಹೋಗಲು ಬಡ ಹೆಣ್ಣುಮಕ್ಕಳು ಬರುತ್ತಾರೆ.

ಈ ಮಾತುಗಳಲ್ಲಿ ಎಲ್ಲವೂ ಸಿಟ್ಟಿನಿಂದ ಹುಟ್ಟಿದವಲ್ಲ. ಇಬ್ಬರು ಹಮಾಲರು, ಬಾಲ್ಯದ ಗೆಳೆಯರು, ಒಬ್ಬರನ್ನೊಬ್ಬರು ಬೈದುಕೊಂಡೇ ಬೀಡಿಗೆ ಕಿಚ್ಚು ಹಂಚಿಕೊಳ್ಳುತ್ತಾರೆ. ಅದನ್ನು ನಾನು ಹೊಗಳುವುದಿಲ್ಲ, ಆದರೆ ಅದರ ಲೆಕ್ಕ ಬೇರೆ. ಕೇಳಿದವನಿಗೆ ಅಲ್ಲಿ ಗಾಯವಾಗುವುದಿಲ್ಲ, ತಿರುಗಿ ಅನ್ನುವ ಅಧಿಕಾರವೂ ಅವನಿಗುಂಟು. ನಾನು ಹೇಳುತ್ತಿರುವುದು ಗಾದಿಯ ಮೇಲೆ ಕುಳಿತವನ ಬಾಯಿಂದ ಅಂಗಳದಲ್ಲಿ ನಿಂತವನ ಮೇಲೆ ಬೀಳುವ ಮಾತಿನ ವಿಷಯ. ಗಂಡನ ಬಾಯಿಂದ ಹೆಂಡತಿಯ ಮೇಲೆ, ತಂದೆಯ ಬಾಯಿಂದ ಮಗನ ಮೇಲೆ ಬೀಳುವ ಮಾತಿನ ವಿಷಯ.

ಹೀಗೆ ಬೈದವರನ್ನು ಆಮೇಲೆ ಕೇಳಿ ನೋಡಿರಿ. ಎಲ್ಲರದೂ ಒಂದೇ ಉತ್ತರ: ‘ಸಿಟ್ಟು ತಡೆದುಕೊಳ್ಳಲಾಗಲಿಲ್ಲ.’ ಇದನ್ನು ನಾನು ನಂಬುವುದಿಲ್ಲ. ಮೂವತ್ತು ವರ್ಷಗಳ ವ್ಯಾಪಾರದಲ್ಲಿ ಬ್ಯಾಂಕಿನ ವ್ಯವಸ್ಥಾಪಕರನ್ನು ಬೈದ ಒಬ್ಬ ವ್ಯಾಪಾರಿಯನ್ನೂ ನಾನು ಕಂಡಿಲ್ಲ. ತೆರಿಗೆ ಅಧಿಕಾರಿಗಳು ಲಾರಿ ತಡೆದು ನಾಲ್ಕು ತಾಸು ಬಿಸಿಲಿನಲ್ಲಿ ನಿಲ್ಲಿಸಿದರೂ ನಾವು ಕೈಮುಗಿದು ‘ಸಾಹೇಬರೇ’ ಎನ್ನುತ್ತೇವೆ. ಅದೇ ಲಾರಿ ಅಂಗಡಿಗೆ ಬಂದಾಗ, ತಡವಾಯಿತೆಂದು ಕ್ಲೀನರ್ ಹುಡುಗನ ತಾಯಿಯ ಹೆಸರು ಹಿಡಿದು ಬೈಯುತ್ತೇವೆ. ಸಿಟ್ಟಿಗೆ ವಿಳಾಸ ಗೊತ್ತಿದೆ. ಯಾರ ಬಾಗಿಲಿಗೆ ಹೋಗಬೇಕು, ಯಾರ ಬಾಗಿಲಿನಿಂದ ಸದ್ದಿಲ್ಲದೆ ಹಿಂದಿರುಗಬೇಕು ಎಂಬುದನ್ನು ಬಲ್ಲ ಸಿಟ್ಟು ಕುರುಡೆಂದು ಹೇಗೆ ಒಪ್ಪುವುದು? ಅಧಿಕಾರಿಯ ಮುಂದೆ ತಡೆಯಲು ಬಂದದ್ದು ಹಮಾಲನ ಮುಂದೆ ಬಾರದೇಕೆ? ಇದಕ್ಕೆ ಉತ್ತರ ಶಾಸ್ತ್ರದಲ್ಲಿ ಹುಡುಕಬೇಕಾಗಿಲ್ಲ.

ಎರಡನೆಯ ನೆಪ ಓದಿದವರದು. ಸಿಟ್ಟನ್ನು ಒಳಗೆ ಇಟ್ಟುಕೊಂಡರೆ ರಕ್ತದೊತ್ತಡ, ಹೊರಗೆ ಹಾಕಿಬಿಟ್ಟರೆ ಆರೋಗ್ಯ ಎನ್ನುತ್ತಾರೆ. ಸಿಟ್ಟೆಂದರೆ ಕುಕ್ಕರಿನ ಉಗಿಯೆಂದು ಇವರ ತಿಳುವಳಿಕೆ. ಮಗಳು ಕಾಲೇಜಿನಲ್ಲಿ ಕಲಿತವಳು, ಅವಳು ಈ ಬಗ್ಗೆ ಓದಿ ನನಗೆ ತಿಳಿಸಿದ್ದನ್ನು ಹೇಳುತ್ತೇನೆ. 2024ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರೀಕ್ಷಿಸಿದರು. ಕೂಗಾಡಿ ಸಿಟ್ಟನ್ನು ಹೊರಹಾಕುವುದರಿಂದ ಸಿಟ್ಟು ಕಡಿಮೆಯಾಗುವುದಿಲ್ಲವೆಂದೂ, ಉಸಿರನ್ನು ನಿಧಾನಿಸುವುದು, ಧ್ಯಾನ, ಯೋಗ ಮುಂತಾಗಿ ದೇಹದ ಬಿಸಿಯನ್ನು ಇಳಿಸುವ ಕ್ರಮಗಳಿಂದಲೇ ಅದು ಇಳಿಯುವುದೆಂದೂ ಕಂಡುಕೊಂಡರು. ಸಿಟ್ಟು ಬಂದಾಗ ಓಡುವುದರಿಂದಲೂ ಪ್ರಯೋಜನ ಕಾಣಲಿಲ್ಲವಂತೆ. ಅದಕ್ಕೂ ಮೊದಲು, 1995ರಲ್ಲಿ, ಅದೇ ದೇಶದಲ್ಲಿ 1,600ಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳನ್ನು ವಿಚಾರಿಸಿದ ವೈದ್ಯರು, ತೀವ್ರವಾಗಿ ಸಿಟ್ಟಾದ ಮುಂದಿನ ಎರಡು ತಾಸುಗಳಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗೂ ಮೀರುವುದೆಂದು ಲೆಕ್ಕ ಕೊಟ್ಟರು. ಗಾದಿಯ ಮೇಲೆ ಕುಳಿತೇ ಹೊಟ್ಟೆ ಬೆಳೆಸಿದ ನಮ್ಮಂಥವರು ಇದನ್ನು ಕಿವಿಗೊಟ್ಟು ಕೇಳಬೇಕು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬೈಗುಳಕ್ಕೆ ಶಕ್ತಿಯೇ ಇಲ್ಲವೆಂದಲ್ಲ. 2009ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳ ಕೈಯನ್ನು ಮಂಜುಗಡ್ಡೆಯಷ್ಟು ತಣ್ಣಗಿನ ನೀರಿನಲ್ಲಿ ಇಡಿಸಿದಾಗ, ಬೈಗುಳ ನುಡಿದವರು ಸಾಮಾನ್ಯ ಶಬ್ದ ನುಡಿದವರಿಗಿಂತ ಹೆಚ್ಚು ಹೊತ್ತು ನೋವನ್ನು ತಾಳಿಕೊಂಡರು. ಎರಡು ವರ್ಷಗಳ ಬಳಿಕ ಅವರೇ ಮತ್ತೆ ಪರೀಕ್ಷಿಸಿದಾಗ ತಿಳಿದದ್ದು, ದಿನವೂ ಬೈಯುವ ರೂಢಿಯವರಿಗೆ ಈ ಪ್ರಯೋಜನ ಅಷ್ಟಾಗಿ ದೊರೆಯುವುದಿಲ್ಲವೆಂದು. ಕಾಲಿನ ಮೇಲೆ ಚೀಲ ಬಿದ್ದ ಹಮಾಲನು ಒಂದು ಮಾತು ಅಂದರೆ ನಾನು ಕೇಳಿಸಿಕೊಳ್ಳದವನಂತೆ ಇರುತ್ತೇನೆ. ಅದು ಅವನ ನೋವು. ಚಹಾ ತಣ್ಣಗಾಯಿತೆಂದು ಬೈಯುವ ಮಾಲೀಕನಿಗೆ ಯಾವ ಚೀಲ ಬಿದ್ದಿದೆ?

ಇನ್ನು ನಮ್ಮ ಶಾಸ್ತ್ರದ ಲೆಕ್ಕಕ್ಕೆ ಬರುತ್ತೇನೆ. ತಪ್ಪಿದ್ದರೆ ಪಂಡಿತರು ತಿದ್ದಬೇಕು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಕ್ರೋಧವು ಮೊದಲನೆಯದು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಈ ಕ್ರೋಧಕ್ಕೆ ನಾಲ್ಕು ಗೆರೆಗಳ ಹೋಲಿಕೆ ಕೊಟ್ಟಿದ್ದಾರೆ. ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಅವುಗಳ ಅವಧಿಯನ್ನೂ ಶಾಸ್ತ್ರವು ಹೇಳುತ್ತದೆ. ಅತ್ಯಂತ ಸೂಕ್ಷ್ಮವಾದ ಸಂಜ್ವಲನ ಕ್ರೋಧದ ವಾಸನೆ ಅಂತರ್ಮುಹೂರ್ತ ಕಾಲ, ಎಂದರೆ ನಲವತ್ತೆಂಟು ನಿಮಿಷದ ಒಳಗೆ. ಅದಕ್ಕಿಂತ ಗಟ್ಟಿಯಾದದ್ದು ಒಂದು ಪಕ್ಷ, ಅದಕ್ಕಿಂತ ಗಟ್ಟಿಯಾದದ್ದು ಆರು ತಿಂಗಳು. ಅನಂತಾನುಬಂಧಿಯಂತೂ ಭವಭವಗಳಿಗೆ ಹಿಂಬಾಲಿಸುತ್ತದೆ. ಕಮಠನ ವೈರವು ಜನ್ಮಜನ್ಮಾಂತರಗಳಲ್ಲಿ ಮರುಭೂತಿಯ ಜೀವವನ್ನು ಬೆನ್ನಟ್ಟಿ, ಕೊನೆಗೆ ಪಾರ್ಶ್ವನಾಥ ಸ್ವಾಮಿಯ ಮೇಲೆ ಉಪಸರ್ಗವಾಗಿ ಸುರಿದ ಕಥೆಯನ್ನು ಇಲ್ಲಿನ ಮಕ್ಕಳೂ ಬಲ್ಲರು.

ನೆಲದ ಗೆರೆಯೆಂದರೆ ಏನೆಂಬುದನ್ನು ನಮ್ಮ ಎರೆಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದ ಹೊಲವು ಮುಂಗಾರಿನ ಎರಡು ಹದ ಮಳೆಗೆ ತಾನಾಗಿ ಕೂಡಿಕೊಳ್ಳುತ್ತದೆ. ಗಂಡಹೆಂಡಿರ, ಅಪ್ಪಮಕ್ಕಳ ಸಿಟ್ಟು ಹೆಚ್ಚಾಗಿ ಈ ಜಾತಿಯದು. ಸಿಟ್ಟು ಬರುವುದೇ ಬೇಡವೆಂದು ಗೃಹಸ್ಥನಿಗೆ ಶಾಸ್ತ್ರವೂ ಹೇಳಲಿಲ್ಲವೆಂದು ನನ್ನ ತಿಳುವಳಿಕೆ. ಬಂದ ಸಿಟ್ಟನ್ನು ಯಾವುದರ ಮೇಲೆ ಗೀಚಿದೆ ಎಂಬುದೇ ಲೆಕ್ಕ.

ಈ ಲೆಕ್ಕದಲ್ಲಿ ಒಂದು ತೊಡಕಿದೆ. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಒಂದು ಪಂಚಾಯಿತಿಯಲ್ಲಿ ಕಲಿತೆ. ನಮ್ಮ ಅಂಗಡಿಗೆ ಭತ್ತ ಹಾಕುತ್ತಿದ್ದ ಅಣ್ಣತಮ್ಮಂದಿರಿಬ್ಬರಿದ್ದರು. ಊರು, ಹೆಸರು ಬೇಡ. ಕಾಲುವೆಯ ಕೆಳಭಾಗದ ಹೊಲ. ಒಂದು ರಾತ್ರಿ ನೀರಿನ ಸರದಿಯ ಮೇಲೆ ಜಗಳವಾಗಿ, ಅಣ್ಣನು ತಮ್ಮನ ಹೆಂಡತಿಯನ್ನು ಕುರಿತು ಒಂದು ಮಾತು ಆಡಿದನು. ಅಂದಿನಿಂದ ಹನ್ನೊಂದು ವರ್ಷ ಎರಡು ಮನೆಗಳ ನಡುವೆ ಮಾತಿಲ್ಲ. ತಾಯಿ ತೀರಿಕೊಂಡಾಗಲೂ ಅಂಗಳದಲ್ಲಿ ಎರಡು ಕಡೆ ಬೇರೆಬೇರೆಯಾಗಿ ಕುಳಿತರು. ಕೊನೆಗೆ ಹೊಲದ ಬದು ಗೊತ್ತುಮಾಡಲು ಐದು ಜನ ಕೂಡಿದಾಗ ನನ್ನನ್ನೂ ಕರೆದಿದ್ದರು. ಬದುವಿನ ವಿಷಯ ಒಂದು ತಾಸಿನಲ್ಲಿ ಇತ್ಯರ್ಥವಾಯಿತು. ಕಾಗದ ಬರೆಯುವಾಗ ತಮ್ಮನು ತಲೆಯೆತ್ತಿ, ‘ಸಾವ್ಕಾರ್ರ, ಹೊಲ ಹೆಂಗ ಬೇಕಾದ್ರೂ ಹಂಚ್ರಿ. ಆ ಮಾತು ಹೆಂಗ ಹಂಚ್ತೀರಿ?’ ಎಂದನು.

ಆ ಮಾತನ್ನು ಅವನು ಮರೆತಿರಲಿಲ್ಲ. ಯಾವ ಅಮಾವಾಸ್ಯೆಯ ಹಿಂದುಮುಂದು, ಯಾವ ಗಿಡದ ಕೆಳಗೆ, ಹತ್ತಿರ ಯಾರು ಕಂದೀಲು ಹಿಡಿದು ನಿಂತಿದ್ದರು, ಎಲ್ಲವೂ ನೆನಪಿನಲ್ಲಿತ್ತು. ಅಣ್ಣನನ್ನು ನೋಡಿದೆವು. ಅವನು ಸುಳ್ಳುಗಾರನಲ್ಲ, ನಾನು ಬಲ್ಲೆ. ಅವನ ಮುಖ ಬೆಪ್ಪಾಗಿತ್ತು. ‘ನಾ ಹಂಗ ಅಂದೀನಂದ್ರ ನನಗ ನೆನಪೇ ಇಲ್ರಿ’ ಎಂದನು.

ಸಭಿಕರೇ, ಆ ದಿನ ನನಗೆ ತಿಳಿದದ್ದು ಇಷ್ಟು. ಆಡಿದವನಿಗೆ ಅದು ನೀರಿನ ಮೇಲಿನ ಗೆರೆಯಾಗಿತ್ತು, ಅಂತರ್ಮುಹೂರ್ತದಲ್ಲಿ ಅಳಿಸಿಹೋಗಿತ್ತು. ಕೇಳಿದವನಿಗೆ ಅದು ಕಲ್ಲಿನ ಮೇಲಿನ ಗೆರೆ. ಒಂದೇ ಮಾತು, ಎರಡು ಗೆರೆ. ನಾವು ನಮ್ಮ ಸಿಟ್ಟನ್ನು ನಮ್ಮ ಗೆರೆಯಿಂದಲೇ ಅಳೆದುಕೊಂಡು, ‘ನನ್ನದು ಹಾಲಿನ ಉಕ್ಕಿನಂಥ ಸಿಟ್ಟು, ಬಂತು, ಹೋಯಿತು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವನಲ್ಲ’ ಎಂದು ಹೆಮ್ಮೆಪಡುತ್ತೇವೆ. ಮನಸ್ಸಿನಲ್ಲಿ ಇಟ್ಟುಕೊಳ್ಳುವ ಕೆಲಸವನ್ನು ಎದುರಿನವನಿಗೆ ಒಪ್ಪಿಸಿ ಬಂದಿರುತ್ತೇವೆ. ಕೊಟ್ಟ ಸಾಲವನ್ನು ಮರೆಯದ ನಾವು ಕೊಟ್ಟ ಬೈಗುಳವನ್ನು ಮಾತ್ರ ಯಾವ ಖಾತೆಗೂ ಬರೆಯುವುದಿಲ್ಲ. ಮೂಗು ಕೊಯ್ದ ಸಿಟ್ಟು ಇಳಿಯುತ್ತದೆ, ಮೂಗು ಬರುವುದಿಲ್ಲ ಎಂದು ಹಿರಿಯರು ಅಂದದ್ದು ಇದನ್ನೇ.

ತಮ್ಮನ ಪಕ್ಷವನ್ನೂ ನಾನು ಪೂರ್ತಿ ವಹಿಸುವುದಿಲ್ಲ. ಹನ್ನೊಂದು ವರ್ಷ ಅವನು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ, ನಿಜ. ಆದರೆ ಬಾಯಿ ಮುಚ್ಚಿದ್ದೆಲ್ಲ ವಚನಗುಪ್ತಿಯಲ್ಲ. ಮೌನದಲ್ಲಿಯೂ ಬೈಯಬಹುದು. ನಮ್ಮ ಸಮಾಜದ ಮರ್ಯಾದಸ್ಥ ಮನೆಗಳಲ್ಲಿ ಈ ಎರಡನೆಯ ಬಗೆಯೇ ಹೆಚ್ಚೆಂದು ನನ್ನ ಅನುಮಾನ.

ಕಲ್ಲಿನ ಗೆರೆಯ ಮಾತು ಬಂದಾಗ ಮಸ್ಕಿಯನ್ನು ನೆನೆಯದೆ ಮುಂದೆ ಹೋಗಲಾರೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರಾದ ಬೀಡನ್ ಎಂಬವರು ಮಸ್ಕಿಯ ಬೆಟ್ಟದಲ್ಲಿ ಕಂಡ ಶಾಸನದಿಂದಲೇ, ‘ದೇವಾನಾಂಪ್ರಿಯ’ನೆಂಬ ಅರಸನು ಅಶೋಕನೇ ಎಂಬುದು ಶಾಸನದ ಆಧಾರದಿಂದ ಮೊದಲ ಬಾರಿಗೆ ಜಗತ್ತಿಗೆ ಖಚಿತವಾಯಿತು. ನಮ್ಮ ಮನೆಯ ಹಿತ್ತಲಿನ ಕಲ್ಲು ಅದು. ನಮ್ಮಲ್ಲಿ ಎಷ್ಟು ಜನ ಹೋಗಿ ನೋಡಿದ್ದಾರೋ! ಅದೇ ಅರಸನ ಬೇರೆ ಶಾಸನಗಳು ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ 1980ರ ದಶಕದ ಕೊನೆಯಲ್ಲಿ ದೊರೆತವು; ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅವು ಇದ್ದವು. ಅವುಗಳಲ್ಲಿ ಹನ್ನೆರಡನೆಯ ಬಂಡೆಶಾಸನದ ಭಾಗವಿದೆ, ಅಧಿಕಾರಿಗಳಿಗೆ ಹೊರಡಿಸಿದ ಪ್ರತ್ಯೇಕ ಶಾಸನಗಳೂ ಇವೆ. ಗಿರ್ನಾರ್, ಧೌಲಿ ಮೊದಲಾದೆಡೆಗಳ ಪ್ರತಿಗಳಿಂದ ವಿದ್ವಾಂಸರು ಇವುಗಳ ಪಾಠವನ್ನು ಓದಿದ್ದಾರೆ. ಹನ್ನೆರಡನೆಯ ಶಾಸನದಲ್ಲಿ ಅರಸನು, ಎಲ್ಲ ಮತಗಳ ಸಾರವೂ ಬೆಳೆಯಬೇಕು, ಅದಕ್ಕೆ ಮೂಲವು ‘ವಚಿಗುತಿ’ ಎನ್ನುತ್ತಾನೆ. ಪ್ರಾಕೃತದ ‘ಗುತಿ’ಯೇ ನಮ್ಮ ‘ಗುಪ್ತಿ’. ನಮ್ಮ ಮುನಿಗಳು ನಿತ್ಯ ಪಾಲಿಸುವ ವಚನಗುಪ್ತಿಯನ್ನು ಬೌದ್ಧನಾದ ಅರಸನೊಬ್ಬನು ತನ್ನ ಪ್ರಜೆಗಳೆಲ್ಲರಿಗೆ ಕಲ್ಲಿನಲ್ಲಿ ಕೊರೆಸಿದನು. ಪ್ರತ್ಯೇಕ ಶಾಸನದಲ್ಲಿ ನ್ಯಾಯ ನೋಡುವ ಅಧಿಕಾರಿಗಳಿಗೆ ಅಸೂಯೆ, ಥಟ್ಟನೆ ಏರುವ ಕೋಪ, ನಿಷ್ಠುರತೆ, ಅವಸರ, ಆಲಸ್ಯ ಮೊದಲಾದ ದೋಷಗಳನ್ನು ಎಣಿಸಿ ಹೇಳಿ, ಕೋಪಕ್ಕೂ ಅವಸರಕ್ಕೂ ಒಳಗಾಗದಿರುವುದೇ ಎಲ್ಲಕ್ಕೂ ಮೂಲವೆನ್ನುತ್ತಾನೆ. ಕಳಿಂಗದಲ್ಲಿ ಲಕ್ಷ ಜನರ ಸಾವನ್ನು ಕಂಡ ಅರಸನು ತನ್ನ ನೌಕರರಿಗೆ, ಮುಂಗೋಪ ಬೇಡಿರಪ್ಪಾ ಎಂದು ಕಲ್ಲಿನಲ್ಲಿ ಬರೆಸಿ ಹೇಳಬೇಕಾಯಿತು. ಗಂಜಿನಲ್ಲಿಯೂ ಕೋಪ ಮತ್ತು ಅವಸರ ಜೊತೆಗೇ ಬರುವುದನ್ನು ನಾನು ಕಂಡಿದ್ದೇನೆ. ಮಳೆ ಬರುವ ಸಂಜೆ ಬೈದಷ್ಟು ನಾವು ಬೇರೆಂದೂ ಬೈಯುವುದಿಲ್ಲ.

ಬೈಗುಳದ ಒಳಗೆ ಏನಿದೆ ಎಂಬುದನ್ನೂ ಒಮ್ಮೆ ಬಿಚ್ಚಿ ನೋಡಬೇಕು. ಜಗಳ ಇಬ್ಬರು ಗಂಡಸರದು, ಬೀಳುವುದು ಅಲ್ಲಿಲ್ಲದ ಹೆಣ್ಣಿನ ಮೇಲೆ. ಚೀಲ ಹರಿದವನು ಮಗ, ಮರ್ಯಾದೆ ಕಳೆದುಕೊಂಡವಳು ಎಲ್ಲೋ ಹೊಲದಲ್ಲಿ ಕಳೆ ಕೀಳುತ್ತಿರುವ ತಾಯಿ. ಮಹಾರಾಷ್ಟ್ರದ ಅಹಿಲ್ಯಾನಗರ ಜಿಲ್ಲೆಯ ನೇವಾಸಾ ತಾಲೂಕಿನ ಸೌಂದಾಳಾ ಎಂಬ ಹಳ್ಳಿಯವರು 2024ರ ನವೆಂಬರ್‌ನಲ್ಲಿ ಗ್ರಾಮಸಭೆ ಸೇರಿ, ತಾಯಿ ಅಕ್ಕತಂಗಿಯರ ಹೆಸರು ಹಿಡಿದು ಬೈದವರಿಗೆ 500 ರೂಪಾಯಿ ದಂಡವೆಂದು ನಿರ್ಣಯ ಮಾಡಿದರು. ಇದನ್ನು ಓದಿ ನಗುವವರಿದ್ದಾರೆ. ನನಗೆ ನಗು ಬರಲಿಲ್ಲ. ಊರು ಕೂಡಿ ಈ ಮಾತನ್ನು ಬಾಯಿಬಿಟ್ಟು ಚರ್ಚಿಸಿತಲ್ಲ, ಅದೇ ದೊಡ್ಡದು.

ಇನ್ನು ಜಾತಿಯ ಹೆಸರು ಹಿಡಿದು ಬೈಯುವುದು. ‘ಹಿಂದಿನಿಂದ ಬಂದ ಮಾತು, ಮನಸ್ಸಿನಲ್ಲಿ ಏನೂ ಇಲ್ಲ’ ಎನ್ನುವವರು ನಮ್ಮಲ್ಲಿಯೂ ಇದ್ದಾರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರನ್ನು ನಾಲ್ಕು ಜನ ಕಾಣುವ ಕಡೆ ಜಾತಿಯ ಹೆಸರಿನಿಂದ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಂತೆ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ, ಶಾಂತಿಭಂಗವಾಗಲೆಂದೇ ಬೇಕೆಂದು ಅವಮಾನಿಸಿದವನಿಗೆ 352ನೆಯ ಕಲಮಿನಂತೆ ಎರಡು ವರ್ಷಗಳವರೆಗೆ ಸಜೆಯುಂಟು. ಆದರೆ ಕಾಯ್ದೆಯ ಹೆದರಿಕೆಯಿಂದ ಬಿಟ್ಟ ಮಾತು ಬಾಗಿಲು ಮುಚ್ಚಿದ ಮೇಲೆ ಮನೆಯೊಳಗೆ ಮತ್ತೆ ಬರುತ್ತದೆ, ಅಲ್ಲಿ ಮಕ್ಕಳು ಕೇಳುತ್ತಿರುತ್ತಾರೆ. ಅಣುವ್ರತವನ್ನು ಹೊತ್ತವನ ಮನೆಯ ಮಗು ಶಾಲೆಯಲ್ಲಿ ಅಂಥ ಮಾತು ಆಡಿತೆಂದರೆ ಅದು ಎಲ್ಲಿ ಕಲಿತಿತು?

ಬಿಡುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಅಂಗಡಿಯ ಹಿರಿಯ ಗುಮಾಸ್ತರ ಸಂಗತಿ ಹೇಳುತ್ತೇನೆ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಪ್ರಾಮಾಣಿಕರು, ಲೆಕ್ಕದಲ್ಲಿ ಒಂದು ಪೈಸೆ ಆಚೀಚೆಯಿಲ್ಲ, ಬಾಯಿ ಮಾತ್ರ ಬಹಳ ಕೆಟ್ಟದಾಗಿತ್ತು. ಮೊಮ್ಮಗಳು ಮಾತು ಕಲಿಯುವ ವಯಸ್ಸಿಗೆ ಬಂದಾಗ ಅವರಿಗೇ ಭಯ ಹುಟ್ಟಿತು. ಚಾತುರ್ಮಾಸ್ಯದಲ್ಲಿ ‘ಇನ್ನು ಬೈಯುವುದಿಲ್ಲ’ ಎಂದು ನಿಯಮ ಹಿಡಿದರು, ಮೂರನೆಯ ದಿನ ಮುರಿಯಿತು. ಮತ್ತೆ ಹಿಡಿದರು, ಮತ್ತೆ ಮುರಿಯಿತು. ರೂಢಿಯಿಂದ ಬರುವ ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಆಡಿದವನ ಕಿವಿಗೆ ಬೀಳುತ್ತದೆ, ಕೆಲವೊಮ್ಮೆ ಅದೂ ಬೀಳುವುದಿಲ್ಲ. ಕಾಣದ ಕಳ್ಳನನ್ನು ಹಿಡಿಯುವುದು ಹೇಗೆ? ಆಗ ನಾನು, ‘ನಿಯಮ ಆಮೇಲೆ ನೋಡೋಣ, ಮೊದಲು ಕೀರ್ದಿ ಬರೆಯಿರಿ’ ಎಂದೆ. ಮೇಜಿನ ಮೇಲೆ ಸಣ್ಣ ಪುಸ್ತಕ. ಬೈದಾಗಲೆಲ್ಲ ಒಂದು ಗೀಟು, ಪಕ್ಕದಲ್ಲಿ ಯಾರಿಗೆ, ಯಾತಕ್ಕೆ, ಎಷ್ಟು ಗಂಟೆಗೆ. ತಾವು ಗಮನಿಸದಿದ್ದುದನ್ನು ಎತ್ತಿ ತೋರಿಸುವ ಕೆಲಸವನ್ನು ಅವರೇ ಕಾಟಾದ ಹುಡುಗನಿಗೆ ಒಪ್ಪಿಸಿದರು. ಹುಡುಗನಿಗೆ ಅದಕ್ಕಿಂತ ಸುಖದ ಕೆಲಸ ಇನ್ನೇನು ಬೇಕು!

ಮೊದಲ ದಿನ ಹತ್ತೊಂಬತ್ತು ಗೀಟುಗಳು. ಹದಿನೈದು ದಿನದ ಖತಾವಣಿ ತೆಗೆದಾಗ ಅವರಿಗೇ ಸೋಜಿಗ. ಅರ್ಧಕ್ಕಿಂತ ಹೆಚ್ಚು ಗೀಟುಗಳು ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ, ಊಟ ತಡವಾದ ಹೊತ್ತಿನಲ್ಲಿ ಬಿದ್ದಿದ್ದವು. ಅದರಲ್ಲಿಯೂ ಬಹುಪಾಲು ಒಬ್ಬನೇ ಹಮಾಲನ ಮೇಲೆ. ಅವನು ತಿರುಗಿ ಮಾತನಾಡುವವನಲ್ಲ. ಇದನ್ನು ಓದಿದ ದಿನ ಗುಮಾಸ್ತರು ಊಟ ಮಾಡಲಿಲ್ಲ. ಮರುದಿನದಿಂದ ಹನ್ನೊಂದೂವರೆಗೆ ಊಟದ ಡಬ್ಬಿ ಬಿಚ್ಚತೊಡಗಿದರು. ಗೀಟುಗಳು ಅರ್ಧಕ್ಕಿಳಿದವು. ನೋಡಿರಿ, ಕಷಾಯದ ಅರ್ಧ ಭಾಗ ಹಸಿವೆಯಾಗಿತ್ತು! ಉಪವಾಸದ ದಿನ ಮನೆಯವರ ಮೇಲೆ ಹರಿಹಾಯುವ ನಮ್ಮ ಧರ್ಮಾತ್ಮರು ಈ ಕಡೆ ಸ್ವಲ್ಪ ಲಕ್ಷ್ಯ ಕೊಡಬೇಕು.

ಉಳಿದ ಅರ್ಧಕ್ಕೆ ಬದಲಿ ಮಾತು ಬೇಕಾಯಿತು. ನಾಲಗೆ ಖಾಲಿ ಕೂಡುವುದಿಲ್ಲ. ಅಭ್ಯಾಸ ಬಿಡಿಸುವ ವೈದ್ಯರು ಕೂಡ 1970ರ ದಶಕದಿಂದ ಇದನ್ನೇ ಹೇಳುತ್ತ ಬಂದಿದ್ದಾರಂತೆ: ಮೊದಲು ಎಚ್ಚರ, ಆಮೇಲೆ ಕೆಟ್ಟ ಅಭ್ಯಾಸದ ಜಾಗದಲ್ಲಿ ಇನ್ನೊಂದು ಕ್ರಿಯೆ. ಬೈಗುಳ ಬರುವಾಗ ಭಗವಂತನ ನಾಮ ಹೇಳಿರೆಂದು ಯಾರೋ ಸಲಹೆ ಕೊಟ್ಟರು. ನಾನು ಬೇಡವೆಂದೆ. ಹಲ್ಲು ಕಡಿಯುತ್ತ, ಕಣ್ಣು ಕೆಂಪಗೆ ಮಾಡಿ ‘ಅರಿಹಂತಾ’ ಎಂದರೆ ಕೇಳಿದವನಿಗೆ ಅದು ಬೈಗುಳವಾಗಿಯೇ ಕೇಳುತ್ತದೆ, ನಾಮಕ್ಕೆ ಅವಿನಯ ಬೇರೆ. ಕೊನೆಗೆ ಗುಮಾಸ್ತರು ತಾವೇ ಒಂದು ಮಾತು ಆರಿಸಿಕೊಂಡರು. ಚೀಲ ಹರಿದು ಭತ್ತ ಸುರಿದಾಗ ಗಂಟಲೆತ್ತಿ, ‘ಸೋನಾಮಸೂರಿ!’ ಎಂದು ಕೂಗತೊಡಗಿದರು. ಹಮಾಲರೆಲ್ಲ ನಕ್ಕರು, ಸುರಿಸಿದವನೂ ನಕ್ಕನು, ಕೂಗಿದವರೂ ನಕ್ಕರು. ನಗುವಾಗ ಸಿಟ್ಟು ನಿಲ್ಲಲಾರದು. ಈಗ ನಮ್ಮ ಅಂಗಡಿಯಲ್ಲಿ ಅದೊಂದು ಮಂತ್ರವಾಗಿಬಿಟ್ಟಿದೆ. ಗುಮಾಸ್ತರು ಪೂರ್ತಿ ಗೆದ್ದರೆಂದು ಹೇಳಲಾರೆ. ಸುಗ್ಗಿಯಲ್ಲಿ ಪುಸ್ತಕದಲ್ಲಿ ಇಂದಿಗೂ ಗೀಟು ಬೀಳುತ್ತವೆ. ಆದರೆ ದಿನಕ್ಕೆ ಹತ್ತೊಂಬತ್ತು ಎಲ್ಲಿ, ವಾರಕ್ಕೆ ಒಂದೆರಡು ಎಲ್ಲಿ!

ಸೌಂದಾಳಾದಂತೆ ಅಂಗಡಿಯಲ್ಲಿಯೂ ದಂಡ ಇಡೋಣವೆಂದು ಪಕ್ಕದ ಅಂಗಡಿಯ ಮಿತ್ರರೊಬ್ಬರು ಕೇಳಿದರು. ಊರಿಗೆ ಅದು ಸರಿ, ಅಂಗಡಿಗೆ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಮಾಲೀಕನು ಐದುನೂರು ಕೊಟ್ಟು ಹಾಯಾಗಿ ಬೈಯುತ್ತಾನೆ, ಹಮಾಲನಿಗೆ ಅದು ಒಂದು ದಿನದ ಅನ್ನ. ಗಾದಿಯ ಮೇಲಿನವನು ಬಿಟ್ಟರೆ ಅಂಗಳದವನು ತಾನಾಗಿ ಬಿಡುತ್ತಾನೆ. ತಲೆಕೆಳಗಾಗಿ ಆದದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಅನ್ಯಾಯವನ್ನು ಕಂಡೂ ಸಿಟ್ಟಾಗಬಾರದೇ ಎಂದು ತರುಣರು ಕೇಳುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಗಿ, ಕೂಡಿಟ್ಟ ನೀರು ನದಿಗೆ ಹರಿದಾಗ ಈ ಸೀಮೆಯ ರೈತನಿಗೆ ಬಂದದ್ದು ನ್ಯಾಯವಾದ ಸಿಟ್ಟು. ಅದನ್ನು ಬೇಡವೆನ್ನಲು ನಾನಾರು? ಪ್ರಶ್ನೆ ಕೇಳಬೇಕು, ಅರ್ಜಿ ಬರೆಯಬೇಕು, ಬೀದಿಗೂ ಇಳಿಯಬೇಕು. ಆದರೆ ಅಂದು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟು ಇಳಿಸಿದ ತಜ್ಞರನ್ನೂ ಕೆಲಸಗಾರರನ್ನೂ ನೆನೆಯಿರಿ. ಅಂಥ ಕೆಲಸಕ್ಕೆ ತಣ್ಣನೆಯ ತಲೆ ಬೇಕಾಗುತ್ತದೆ. ಬೈದರೆ ಸಿಟ್ಟಿನ ಕಸುವೆಲ್ಲ ಬಾಯಲ್ಲಿಯೇ ಮುಗಿದು, ಕೈಗೆ ಏನೂ ಉಳಿಯುವುದಿಲ್ಲ.

ಹರಿವಂಶ ಪುರಾಣದ ದ್ವೀಪಾಯನ ಮುನಿಯ ಕಥೆ ಇಲ್ಲಿ ನೆನಪಾಗುತ್ತದೆ. ತನ್ನ ನಿಮಿತ್ತದಿಂದ ದ್ವಾರಕೆ ಸುಡುವುದೆಂದು ನೇಮಿನಾಥ ಸ್ವಾಮಿಯ ವಾಣಿಯಲ್ಲಿ ತಿಳಿದು, ಅದನ್ನು ತಪ್ಪಿಸಲೆಂದೇ ದೂರ ಹೋಗಿ ವರ್ಷಗಟ್ಟಲೆ ತಪಸ್ಸು ಮಾಡಿದವನು. ಮದ್ಯ ಕುಡಿದ ಯಾದವ ಕುಮಾರರು ಕಲ್ಲೆಸೆದು ಅವಮಾನಿಸಿದಾಗ ಅಷ್ಟು ವರ್ಷಗಳ ತಪಸ್ಸು ಒಂದು ಗಳಿಗೆ ತಡೆಯಲಿಲ್ಲ. ಕೃಷ್ಣಬಲರಾಮರು ಕಾಲು ಹಿಡಿದು ಬೇಡಿದರೂ ಊರು ಉಳಿಯಲಿಲ್ಲ. ತಪಸ್ವಿಯ ಗತಿಯೇ ಹೀಗಾದಾಗ, ‘ನನಗೆ ಸಿಟ್ಟಿನ ಭಯವಿಲ್ಲ’ ಎನ್ನುವ ಗೃಹಸ್ಥನ ಮಾತನ್ನು ಯಾರು ನಂಬುವರು? ಕುಡಿತವೂ ಬೈಗುಳವೂ ಕೈಹಿಡಿದು ನಡೆಯುತ್ತವೆಂಬುದನ್ನು ಕಥೆಗಾರರು ಆಗಲೇ ಕಂಡಿದ್ದರು.

ಕೊನೆಯದಾಗಿ ಕ್ಷಮಾವಾಣಿಯ ವಿಷಯ. ದಶಲಕ್ಷಣ ಪರ್ವ ಮುಗಿದ ಮೇಲೆ ಪರಸ್ಪರ ಕ್ಷಮೆ ಕೇಳುವ ದಿನ ನಮ್ಮದು. ಹಿಂದೆ ಅಂಚೆಕಾರ್ಡು ಬರೆಯುತ್ತಿದ್ದೆವು, ಈಗ ಮೊಬೈಲಿನಲ್ಲಿ ಒಂದೇ ಬೆರಳಿಗೆ ಮುನ್ನೂರು ಜನರಿಗೆ ಹೋಗುತ್ತದೆ. ಆ ಮುನ್ನೂರರಲ್ಲಿ ನಾವು ನಿಜವಾಗಿ ನೋಯಿಸಿದ ಒಬ್ಬನ ಹೆಸರು ಮಾತ್ರ ಇರುವುದಿಲ್ಲ. ಹಮಾಲನ ಹೆಸರಂತೂ ಇರುವುದೇ ಇಲ್ಲ. ಆ ಅಣ್ಣತಮ್ಮಂದಿರ ಪಂಚಾಯಿತಿಯಲ್ಲಿ ಅಣ್ಣನು, ‘ಅಂದಿದ್ರ ತಪ್ಪಾತು’ ಎಂದನು. ತಮ್ಮನು ಮುಖ ತಿರುಗಿಸಿದನು. ‘ಅಂದಿದ್ದರೆ’ ಎಂಬ ಮಾತನ್ನು ತೆಗೆದುಹಾಕಿ ನೋಡು ಎಂದು ನಾವು ಹಿರಿಯರು ಹೇಳಿದೆವು. ನೆನಪಿಲ್ಲದ ಮಾತನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಅವನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ತಮ್ಮನ ಹೆಂಡತಿಯ ಕಡೆಗೆ ತಿರುಗಿ, ‘ಅಂದೀನಿ, ತಂಗಿ. ತಪ್ಪು ನಂದು’ ಎಂದನು. ಆಕೆ ಏನೂ ಹೇಳಲಿಲ್ಲ, ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು. ಈಗ ಅವರು ಬೆಳೆ, ಬೀಜ, ಗೊಬ್ಬರದ ಮಾತು ಆಡುತ್ತಾರೆ. ಅಷ್ಟೇ ಆಡುತ್ತಾರೆ. ಆದರೆ ಭತ್ತವನ್ನು ಒಂದೇ ಟ್ರ್ಯಾಕ್ಟರಿನಲ್ಲಿ ತರುತ್ತಾರೆ.

ಸಮಯ ಮೀರಿತೆಂದು ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಅವರಿಗೆ ಸಿಟ್ಟು ಬರುವ ಮೊದಲೇ ಮುಗಿಸುತ್ತೇನೆ. ನಾಳೆಯಿಂದ ಉತ್ಸವ ಮುಗಿಯುವವರೆಗೂ ಊಟದ ಮನೆಯ ಉಸ್ತುವಾರಿಯನ್ನು ಸಮಿತಿಯವರು ನನಗೆ ಒಪ್ಪಿಸಿದ್ದಾರೆ. ಸಾವಿರಾರು ಜನರ ಪಂಕ್ತಿ, ಬಿಸಿಲು, ಬಡಿಸುವವರೆಲ್ಲ ಹೊಸ ಹುಡುಗರು. ಸಾರಿಗೆ ಉಪ್ಪು ಹೆಚ್ಚಾದರೆ, ಎಲೆಗೆ ಅನ್ನ ತಡವಾದರೆ, ದಯವಿಟ್ಟು ಬಡಿಸುವ ಹುಡುಗರಿಗೆ, ಅಡಿಗೆಯವರಿಗೆ ಏನೂ ಅನ್ನಬೇಡಿರಿ. ಉಗ್ರಾಣದ ಬಾಗಿಲಲ್ಲಿ ನಾನು ಕುಳಿತಿರುತ್ತೇನೆ. ನಮ್ಮ ಗುಮಾಸ್ತರೂ ಅಲ್ಲಿಯೇ ಇರುತ್ತಾರೆ, ಪುಸ್ತಕ ತರಲು ಹೇಳಿದ್ದೇನೆ.

ಜೈ ಜಿನೇಂದ್ರ.